ರಾಟಿಯ ತಗಡು

ನೂಲಹಟ್ಟಿಯಲ್ಲಿ ಕರೆಂಟು ಹೋದರೆ ಹೆಂಗಸರು ಬೀಸಣಿಕೆ ಹುಡುಕುವುದಿಲ್ಲ, ರಾಟಿಯ ಹತ್ತಿರ ಓಡುತ್ತಾರೆ. ಕಂಡಿಕೆಗೆ, ಅಂದರೆ ಮಗ್ಗದ ಸಣ್ಣ ಕೊಳವೆಗೆ, ನೂಲು ಸುತ್ತಲು ಈಗ ಮೋಟಾರು ಬಂದಿದೆ. ಆದರೂ ಪ್ರತಿ ಮನೆಯ ಮೂಲೆಯಲ್ಲಿ ಅಜ್ಜಿಯ ಕಾಲದ ಕೈರಾಟಿಯೊಂದು ಉಳಿದುಕೊಂಡಿದೆ. ಎಣ್ಣೆ ಡಬ್ಬಿಯಿಂದ ಕತ್ತರಿಸಿದ ತಗಡನ್ನು ಅದರ ಚಕ್ರದ ಕಡ್ಡಿಗಳಿಗೆ ತಾಗುವಂತೆ ಸಿಕ್ಕಿಸಿರುತ್ತಾರೆ. ತಿರುವಿದರೆ ಕಟಕಟ ಎಂದು ಓಣಿ ತುಂಬ ಸದ್ದು. ನೂಲಿಲ್ಲ, ಕಂಡಿಕೆಯಿಲ್ಲ, ಬರಿಯ ಸದ್ದು. ಅದು ಗಂಡಸರ ಕಿವಿಗಾಗಿ.

ಊರಿನಲ್ಲಿ ಎಂಟುನೂರು ವಿದ್ಯುತ್ ಮಗ್ಗಗಳಿದ್ದವು. ಅವು ಓಡುವಾಗ ಯಾರಿಗೂ ಏನೂ ಆಗುತ್ತಿರಲಿಲ್ಲ. ಒಮ್ಮೆಲೇ ನಿಂತಾಗ, ಮೂವತ್ತು ವರ್ಷ ಅವುಗಳ ನಡುವೆ ನಿಂತು ಬಂದವರ ತಲೆಯೊಳಗೆ ಇನ್ನೊಂದು ಸದ್ದು ಏಳುತ್ತಿತ್ತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಕೀಽ ಎನ್ನುವ, ಬಿಡುವಿಲ್ಲದ, ಹೊರಗಿನವರಾರಿಗೂ ಕೇಳಿಸದ ಸದ್ದು. ಓಣಿಯಲ್ಲಿ ಅದಕ್ಕೆ ಕಿವಿ ಏಳುವುದು ಎನ್ನುತ್ತಿದ್ದರು. ಕಿವಿ ಎದ್ದ ಗಂಡಸಿನ ಎದುರು ನಿಲ್ಲಬಾರದು ಎಂಬುದನ್ನು ಹೆಣ್ಣುಮಕ್ಕಳು ಜಡೆ ಹೆಣೆದುಕೊಳ್ಳುವುದಕ್ಕಿಂತ ಮೊದಲೇ ಕಲಿಯುತ್ತಿದ್ದರು.

ಬಾಳವ್ವ ಕಲಿತಿದ್ದಳು. ಆದರೂ ಚೈತ್ರದ ಒಂದು ಮಂಗಳವಾರ, ವಾರಕ್ಕೊಮ್ಮೆ ಕರೆಂಟು ತೆಗೆಯುವ ದಿನ, ಅವಳು ಗಿರಣಿಯಲ್ಲಿ ಜೋಳ ಬೀಸಿಸುತ್ತಿದ್ದಾಗ ಹೊತ್ತಿಗೆ ಮೊದಲೇ ಕರೆಂಟು ಹೋಯಿತು. ಹಿಟ್ಟಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಅಷ್ಟರಲ್ಲಿ ಗಂಡ ಮುರಿಗೆಪ್ಪ ನೀರಿನ ಗಡಿಗೆಗಳನ್ನು ಒಡೆದು, ಕನ್ನಡಿಗೆ ಹಣೆ ಗುದ್ದಿ, ಮೂಗಿನ ತನಕ ರಕ್ತ ಇಳಿಸಿಕೊಂಡು ನಿಂತಿದ್ದ. ಅವಳು ರಾಟಿಗೆ ಕೈ ಹಾಕುವ ಮೊದಲೇ ಅವನ ಕೈ ಅವಳ ತುರುಬಿಗೆ ಬಿತ್ತು. ಮಗ್ಗದ ಚೌಕಟ್ಟಿಗೆ ಅವಳ ತಲೆಯನ್ನು ಎರಡು ಸಲ ಅಪ್ಪಳಿಸಿದ. ಏಳು ಹೊಲಿಗೆ. ಅವು ಮಾಯುವವರೆಗೂ ಅವಳು ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದಳು: ಅವರು ಹೊಡೆಯಲಿಲ್ಲ, ಕಿವಿ ಹೊಡೆಯಿತು.

ಅದನ್ನು ಅವಳು ನಂಬಿಯೂ ಇದ್ದಳು. ನಂಬದಿದ್ದರೆ ಮರುದಿನ ಅದೇ ಕೈಗೆ ರೊಟ್ಟಿ ಬಡಿದು ಹಾಕುವುದು ಹೇಗೆ?

ಆ ಬೇಸಿಗೆಯಲ್ಲೇ ಧಾರವಾಡದ ಕಡೆಯಿಂದ ಡಾಕ್ಟರು ಚಿತ್ಕಲಾ ಬಂದಿದ್ದು. ನಲವತ್ತು ದಾಟಿದ ಹೆಂಗಸು, ಕಿವಿಯ ಸಂಶೋಧಕಿ. ನೇಕಾರರ ಸಂಘದ ನೂಲಿನ ಗೋದಾಮಿನ ಮಾಳಿಗೆಯನ್ನು ಪ್ರಯೋಗಶಾಲೆ ಮಾಡಿಕೊಂಡಳು. ಹೊರಗಿನ ಸದ್ದು ಒಳಗೆ ಬರಬಾರದೆಂದು ಒಂದು ಕೋಣೆಯ ಗೋಡೆಗೆಲ್ಲ ಕೌದಿ ಹೊದಿಸಿದಳು. ಹದಿನೆಂಟು ಕೌದಿಗಳನ್ನು ಓಣಿಯ ಹೆಂಗಸರೇ ಹೊಲಿದು ಕೊಟ್ಟರು. ಬಾಳವ್ವನ ಕೌದಿಯ ಹೊಲಿಗೆ ನೋಡಿ ಡಾಕ್ಟರು ಅವಳನ್ನೇ ಕೆಲಸಕ್ಕೂ ಕರೆದಳು: ಬಂದವರನ್ನು ಕೂರಿಸುವುದು, ಸಲಕರಣೆ ಒರೆಸಿಡುವುದು, ಓಣಿಯ ಮಾತನ್ನು ಡಾಕ್ಟರಿಗೂ ಡಾಕ್ಟರ ಮಾತನ್ನು ಓಣಿಗೂ ಮುಟ್ಟಿಸುವುದು.

ಕಿವಿ ಯಾಕೆ ಏಳುತ್ತದೆ ಎಂದು ಬಾಳವ್ವ ಕೇಳಿದಾಗ ಚಿತ್ಕಲಾ ಹೇಳಿದ್ದು ಹೀಗಿತ್ತು. ಕಿವಿಯ ಒಳಗಿನ ಶಂಖದಲ್ಲಿ ಜೋಳದ ಪೈರಿನ ಹಾಗೆ ಸಣ್ಣ ಕೂದಲುಗಳಿರುತ್ತವೆ. ಮಗ್ಗದ ಸದ್ದು ವರ್ಷಗಟ್ಟಲೆ ಅದರ ಮೇಲೆ ತುಳಿದಾಡಿದರೆ ಒಂದು ಪಟ್ಟೆ ಪೈರು ಸತ್ತೇಹೋಗುತ್ತದೆ. ಅಲ್ಲಿಂದ ಸುದ್ದಿ ಬರುವುದು ನಿಂತಾಗ ಮಿದುಳು ಸುಮ್ಮನಿರುವುದಿಲ್ಲ. ತೊಟ್ಟಿಲಲ್ಲಿ ಕೂಸು ನಿದ್ದೆ ಮಾಡುತ್ತಿದ್ದರೂ ಬಾಣಂತಿಗೆ ಅಳು ಕೇಳಿದಂತಾಗುತ್ತದಲ್ಲ, ಹಾಗೆ ಅದು ಕಿವಿಗೊಟ್ಟು ಕಿವಿಗೊಟ್ಟು ಕೊನೆಗೆ ಇಲ್ಲದ ಸದ್ದನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಚಿತ್ಕಲಾ ಮಾಡಿದ್ದ ಸಾಧನ ಕಿವಿಯ ಹಿಂದೆ ಅಂಟಿಸುವ ಬಿಲ್ಲೆ, ಹುಣಸೆ ಬೀಜಕ್ಕಿಂತ ತುಸು ದೊಡ್ಡದು. ಮನುಷ್ಯ ಹೇಳಿದರಷ್ಟೇ ಗೊತ್ತಾಗುತ್ತಿದ್ದ ಆ ಒಳಗಿನ ಸದ್ದನ್ನು ಅದು ನರದಿಂದಲೇ ಅಳೆದು, ಹಗಲೂ ರಾತ್ರಿ ಗೆರೆಯಾಗಿ ಬರೆದಿಡುತ್ತಿತ್ತು. ಮೊದಲ ನಲವತ್ತು ದಿನ ಬರಿಯ ಗೆರೆ. ಆಮೇಲೆ ಚಿಕಿತ್ಸೆ. ರೋಗಿ ಮೌನದಲ್ಲಿ ಕೂತು ಒಂದು ತಿರುಗಣೆ ತಿರುಗಿಸಿ ತನ್ನ ಕಿವಿಯ ಸ್ವರಕ್ಕೆ ಸರಿಯಾದ ಸ್ವರ ಹಿಡಿಯಬೇಕು. ನಾಲಗೆಯ ಕೆಳಗಿನ ಪಟ್ಟಿ ಆ ಸ್ವರದ ಜೊತೆಜೊತೆಗೆ ಚುರುಚುರು ಎಂದು ಮುಟ್ಟುತ್ತ, ಇದು ನಿಜವಲ್ಲ, ಬಿಟ್ಟುಬಿಡು ಎಂದು ಮಿದುಳಿಗೆ ಕಲಿಸುತ್ತದೆ. ದಿನಕ್ಕೆ ಮುಕ್ಕಾಲು ಗಂಟೆ, ಹನ್ನೆರಡು ದಿನ. ಆಮೇಲೂ ಕಲಿತದ್ದು ಮರೆಯದಂತೆ ಬಿಲ್ಲೆ ಮಿದುಳಿಗೆ ನೆನಪಿಸುತ್ತಲೇ ಇರುತ್ತದೆ.

“ಒಂದs ಮಾತು ನೆನಪಿಡ್ರಿ ಬಾಳವ್ವ,” ಎಂದಿದ್ದಳು ಚಿತ್ಕಲಾ. “ಆ ಮುಕ್ಕಾಲು ಗಂಟೆ ಬ್ಯಾರೆ ಸದ್ದು ಕಿವಿಗೆ ಬೀಳಬಾರದು. ಬಿದ್ದರ, ಮಿದುಳು ಅದನ್ನೂ ಬಿಡೂದು ಕಲೀತದ.”

ಮುರಿಗೆಪ್ಪ ಕೌದಿಯ ಕೋಣೆಯಲ್ಲಿ ಹನ್ನೊಂದು ನಿಮಿಷ ಕೂತ. ಹನ್ನೆರಡನೆಯ ನಿಮಿಷಕ್ಕೆ ಕುರ್ಚಿ ಬಾಗಿಲಿಗೆ ಬಡಿಯಿತು. ತಿರುಗಣೆಯ ಪೆಟ್ಟಿಗೆ ಚೂರುಚೂರಾಯಿತು. ಬಾಗಿಲು ತೆರೆದ ಚಿತ್ಕಲಾಳನ್ನು ಅವನು ಎರಡೂ ಕೈಯಿಂದ ನೂಕಿದ. ಅವಳು ಮೆಟ್ಟಿಲ ಮೇಲೆ ಬಿದ್ದು ತುಟಿ ಸೀಳಿಕೊಂಡಳು. ಅವನು ತನ್ನ ಕಿವಿಗಳನ್ನು ತಾನೇ ಗುದ್ದಿಕೊಳ್ಳುತ್ತ ಬೀದಿಗೆ ಓಡಿ, ಮಗ್ಗಗಳು ಓಡುತ್ತಿದ್ದ ಮೊದಲ ಮನೆಗೆ ನುಗ್ಗಿ ಆ ಸದ್ದಿಗೆ ಕಿವಿಯೊಡ್ಡಿ ಕೂತ. ಇಷ್ಟಾದ ಮೇಲೆ ಯಾರಾದರೂ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಚಿತ್ಕಲಾ ತುಟಿಗೆ ಅರಿವೆ ಒತ್ತಿಕೊಂಡು, ತಪ್ಪು ನನ್ನದು, ಗುರುತಿಲ್ಲದ ಜಾಗದಲ್ಲಿ ಕೂರಿಸಿದೆ ಎಂದಳು. ಮನೆಯಲ್ಲೇ ಮಾಡಿಸಿ ಎಂದು ಬಾಳವ್ವನ ಕೈಗೆ ಇನ್ನೊಂದು ತಿರುಗಣೆಯ ಪೆಟ್ಟಿಗೆ ಕೊಟ್ಟಳು. ಬಿಲ್ಲೆಗೆ ಒಳಗಿನ ಸದ್ದಷ್ಟೇ ಗೊತ್ತಾಗುತ್ತಿತ್ತು, ಹೊರಗಿನದಲ್ಲ. ಆದ್ದರಿಂದ ಸದ್ದಿಲ್ಲದ ಕಡೆ ಕೂತಿದ್ದರು ಎಂದು ಪ್ರತಿದಿನ ಬಾಳವ್ವನೇ ಫೋನಿನಲ್ಲಿ ಗುರುತು ಹಾಕಬೇಕಿತ್ತು.

ಮೊದಲ ದಿನ ಅವಳು ಅಡುಗೆಮನೆಯ ಕಿಟಕಿ ಮುಚ್ಚಿ ಅವನನ್ನು ಕೂರಿಸಿದಳು. ಐದು ನಿಮಿಷಕ್ಕೆ ಅವನ ಕಣ್ಣು ಕೆಂಪಾಯಿತು. ಬಾಗಿಲ ಸಂದಿಯಲ್ಲಿ ಮಗಳು ಸುನಂದಾ ನಿಂತಿದ್ದಳು. ಹದಿನೈದರ ಹುಡುಗಿ, ಒಂದು ಕಾಲನ್ನು ಆಗಲೇ ಹೊಸಿಲ ಹೊರಗಿಟ್ಟು, ಓಡಲು ಸಿದ್ಧಳಾಗಿ. ಆ ಕಾಲನ್ನು ನೋಡಿ ಬಾಳವ್ವ ತಿರುಗಣೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಮುರಿಗೆಪ್ಪ ತಾನಾಗಿಯೇ, ನನ್ನ ಮಗ್ಗದ ಹತ್ತಿರ ಆದರೆ ಕೂರುತ್ತೇನೆ, ಇಲ್ಲಿ ಒಲ್ಲೆ ಎಂದ. ಒಂದೇ ಮಗ್ಗ ಓಡಲಿ, ಅದೇನು ಸದ್ದೇ ಎಂದ. ಬಾಳವ್ವನಿಗೂ ಅದು ತಪ್ಪೆನಿಸಲಿಲ್ಲ. ಆ ಊರಿನವರಿಗೆ ಮಗ್ಗದ ಸದ್ದು ಸದ್ದಲ್ಲ. ಮೀನಿಗೆ ನೀರು ಇದ್ದ ಹಾಗೆ. ಮಗ್ಗ ಓಡುತ್ತಿದ್ದರೇ ಮನೆ ಶಾಂತವಾಗಿದೆ ಎನ್ನುವವರು ಅವರು. ಹನ್ನೆರಡು ದಿನವೂ ಅವನು ಮಗ್ಗದ ಪಕ್ಕ ಕೂತು ತಿರುಗಣೆ ತಿರುಗಿಸಿದ. ಹನ್ನೆರಡು ದಿನವೂ ಅವಳು ಸದ್ದಿಲ್ಲದ ಕಡೆ ಎಂದು ಗುರುತು ಹಾಕಿದಳು.

ಹದಿಮೂರನೆಯ ದಿನ ಮಂಗಳವಾರ. ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ರಾಟಿಗಳೆಲ್ಲ ಶುರುವಾದವು. ಬಾಳವ್ವ ರಾಟಿಯ ಮುಂದೆ ಕೂತು ಹಿಡಿಕೆ ಹಿಡಿದಳು. ಮುರಿಗೆಪ್ಪ ಕೈ ಅಡ್ಡ ಮಾಡಿದ.

“ಬಿಡು,” ಎಂದ. “ಕಿವಿ ಖಾಲಿ ಐತಿ.”

ಎಂಥ ದಿನಗಳು ಅವು. ಊಟ ಮಾಡಿ ಚಾಪೆಯ ಮೇಲೆ ಉರುಳಿದವನು ಕೂಸಿನ ಹಾಗೆ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದ. ಬಾಳವ್ವ ಅವನ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಳು, ಸಿಪ್ಪೆಯ ಸದ್ದಿಗೂ ಹೆದರದೆ. ಸುನಂದಾ ಹೊಸಿಲಿನಿಂದ ಒಳಗೆ ಬಂದು ಗೋಡೆಗೆ ಒರಗಿ ಓದತೊಡಗಿದಳು. ಅವನಿಗೆ ಕೆಲಸದಲ್ಲಿ ಒಂದಿಷ್ಟು ಮಂಕು ಬಂದಂತಿತ್ತು, ಮಗ್ಗದ ಸದ್ದೇ ಯಾಕೋ ದೂರವಾದಂತಿದೆ ಎಂದು ಒಂದೆರಡು ಸಲ ಅಂದಿದ್ದ. ನಿದ್ದೆ ಹೆಚ್ಚಾಗಿದ್ದಕ್ಕೆ ಹಾಗೆ ಎಂದುಕೊಂಡರು. ನೆರೆಮನೆಯ ಕಾಶವ್ವ ಬಂದು ಇಣುಕಿ ನೋಡಿ, ನಿನ್ನ ಗಂಡನ್ನ ಎಲ್ಲಿ ಬದಲು ಮಾಡಿಕೊಂಡು ಬಂದಿ ಬಾಳಕ್ಕ, ನನ್ನದೂ ಒಂದೈತಿ ಒಯ್ಯಿ ಎಂದು ನಕ್ಕಳು. ಗೋದಾಮಿನ ಮಾಳಿಗೆಯಲ್ಲಿ ಅವನ ಗೆರೆ ಹೊಲದ ಬದುವಿನಂತೆ ಮಟ್ಟಸವಾಗಿ ಮಲಗಿತ್ತು. ಚಿತ್ಕಲಾ ಅದನ್ನು ನೋಡಿ ಕಣ್ಣು ಒರೆಸಿಕೊಂಡಳು. ಕಾಶವ್ವನ ಗಂಡನೂ ಸೇರಿ ಓಣಿಯ ಇಪ್ಪತ್ತೆರಡು ಗಂಡಸರು ತಮಗೂ ಬಿಲ್ಲೆ ಅಂಟಿಸಿಕೊಂಡರು. ನಲವತ್ತು ದಿನ ಕಾಯಲು ಅವರು ಒಪ್ಪದ್ದರಿಂದ ಒಂದು ವಾರದ ಗೆರೆಯ ಮೇಲೆಯೇ ಚಿಕಿತ್ಸೆ ಶುರುವಾಯಿತು.

ಇಪ್ಪತ್ತೈದನೆಯ ದಿನ ಬೆಳಿಗ್ಗೆ ಬಾಳವ್ವ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಗೋಡೆಯಾಚೆ ಮೂರು ಮಗ್ಗ ಓಡುತ್ತಿದ್ದವು. ಬಾಗಿಲ ಕಡೆಯ ಮಗ್ಗದ ಸದ್ದು ಸಣ್ಣಗಾಯಿತು. ಲಾಳಿಯನ್ನು ಹೊಡೆದು ಓಡಿಸುವ ಕೋಲಿನ ಪಟ್ಟಿ ಸಡಿಲಾದರೆ ಹೊಡೆತದ ಹಿಂದೆ ಒಂದು ಸಿಳ್ಳೆ ಸೇರಿಕೊಳ್ಳುತ್ತದೆ. ಆ ಸಿಳ್ಳೆ ಕೇಳಿದರೆ ನೇಕಾರ ನಿದ್ದೆಯಲ್ಲಿದ್ದರೂ ಎದ್ದು ಮಗ್ಗ ನಿಲ್ಲಿಸುತ್ತಾನೆ. ಇಲ್ಲದಿದ್ದರೆ ಲಾಳಿ ಹಾರುತ್ತದೆ, ಎರಡೂ ತುದಿಗೆ ಕಬ್ಬಿಣದ ಮೊನೆಯಿರುವ ಕಟ್ಟಿಗೆ, ಕವಣೆಯ ಕಲ್ಲಿನಂತೆ.

ಬಾಳವ್ವ ಹಿಟ್ಟಿನಲ್ಲಿ ಕೈಯಿಟ್ಟುಕೊಂಡು ಕಾದಳು. ಈಗ ನಿಲ್ಲಿಸುತ್ತಾರೆ. ಈಗ. ಸಿಳ್ಳೆ ಏರಿತು. ಮಗ್ಗ ನಿಲ್ಲಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿದಳು. ಮುರಿಗೆಪ್ಪ ಅದೇ ಮಗ್ಗದ ಮುಂದೆ ನಿಂತು ನೆಟ್ಟಗೆ ಬಟ್ಟೆಯನ್ನು ನೋಡುತ್ತಿದ್ದ. ಅವನ ಹಿಂದೆ ಸುನಂದಾ ಕಂಡಿಕೆಯ ಬುಟ್ಟಿ ಹಿಡಿದು ಬರುತ್ತಿದ್ದಳು. ಬಾಳವ್ವ ಬಾಯಿ ತೆರೆದಳು. ಅದರಿಂದ ಸದ್ದು ಹೊರಡುವಷ್ಟರಲ್ಲಿ ಲಾಳಿ ಅಪ್ಪನ ಭುಜದ ಪಕ್ಕದಿಂದ ಹಾದು ಮಗಳ ಎಡಗೆನ್ನೆಗೆ ನಾಟಿತು.

ಹುಡುಗಿ ಕೂಗಲೇ ಇಲ್ಲ. ಕೂತಳು, ಅಷ್ಟೇ. ಕೆನ್ನೆಯ ಎಲುಬು ಒಳಗೆ ಕುಸಿದು, ಕಣ್ಣಿದ್ದ ಜಾಗದಲ್ಲಿ ರಕ್ತ ತುಂಬಿ ಬುಟ್ಟಿಯ ಬಿಳಿ ಕಂಡಿಕೆಗಳ ಮೇಲೆ ಸುರಿಯಿತು. ಮುರಿಗೆಪ್ಪ ಇನ್ನೂ ಹಿಂದಿರುಗಿ ನೋಡಿರಲಿಲ್ಲ. ಬಟ್ಟೆಯಲ್ಲಿ ಹೊಕ್ಕಿನ ಎಳೆ ತಪ್ಪಿದ್ದನ್ನು ಕಂಡು ಹುಬ್ಬು ಗಂಟಿಕ್ಕಿದ್ದ.

ದೊಡ್ಡಾಸ್ಪತ್ರೆಯಲ್ಲಿ ಒಂಬತ್ತು ದಿನ. ಕಣ್ಣಿನ ಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ. ಆ ಒಂಬತ್ತು ದಿನವೂ ಬಾಳವ್ವ ಮಗಳ ಬಾಯಿಗೆ ಚಮಚದಿಂದ ಗಂಜಿ ಹಾಕುತ್ತ ಒಂದೇ ಲೆಕ್ಕ ಮಾಡುತ್ತಿದ್ದಳು. ಹನ್ನೆರಡು ದಿನ ಮಗ್ಗದ ಪಕ್ಕ. ಅವನ ಮಿದುಳು ಕಿವಿಯ ಸದ್ದನ್ನೂ ಮಗ್ಗದ ಸಿಳ್ಳೆಯನ್ನೂ ಒಟ್ಟಿಗೇ ಬಿಡುವುದನ್ನು ಕಲಿತಿತ್ತು. ಕಲಿಸಿದವಳು ತಾನು. ಮನೆಗೆ ಬಂದ ದಿನ ಗಂಡನಿಗೂ ಹೇಳಿದಳು, ಮುಚ್ಚಿಡಲಿಲ್ಲ.

ಅಂದೂ ಮಂಗಳವಾರವೇ. ಮಧ್ಯಾಹ್ನದ ಹೊತ್ತು, ಕರೆಂಟಿರಲಿಲ್ಲ. ಬೇರೆ ಮನೆಗಳ ರಾಟಿಗಳೂ ಈಗ ಸುಮ್ಮನಿದ್ದವು, ಬಿಲ್ಲೆ ಬಂದ ಮೇಲೆ. ಮುರಿಗೆಪ್ಪ ಅವಳ ಮಾತನ್ನು ಪೂರ್ತಿ ಕೇಳಿದ. ಎದ್ದ. ಮಗ್ಗದಿಂದ ಬಿಚ್ಚಿಟ್ಟಿದ್ದ ಅದೇ ಹೊಡೆತದ ಕೋಲನ್ನು ತೆಗೆದುಕೊಂಡ. ಬಾಗಿಲು ಹಾಕಿದ. ಅವಸರವೇ ಇರಲಿಲ್ಲ ಅವನಿಗೆ. ಮೊದಲ ಏಟಿಗೆ ಅವಳು ಮುಖಕ್ಕೆ ಅಡ್ಡ ಹಿಡಿದ ಎಡಗೈ ಮುರಿಯಿತು. ಎಲುಬು ಮುರಿದ ಸದ್ದು ಅವನಿಗೂ ಕೇಳಿಸಿತು. ಮನೆ ಅಷ್ಟು ನಿಶ್ಶಬ್ದವಾಗಿತ್ತು. ಕೇಳಿಸಿಕೊಂಡು, ಕೋಲನ್ನು ಇನ್ನೊಂದು ಕೈಗೆ ಬದಲಿಸಿ, ಮತ್ತೆ ಎತ್ತಿದ. ಬೆನ್ನಿಗೆ, ಪಕ್ಕೆಗೆ, ಬಿದ್ದ ಮೇಲೆ ಮೊಣಕಾಲಿಗೆ. ಮಂಚದ ಮೇಲಿಂದ ಸುನಂದಾ ಉಳಿದ ಒಂದು ಕಣ್ಣಲ್ಲಿ ನೋಡುತ್ತಿದ್ದಳು.

ಕಾಶವ್ವ ಬಾಗಿಲು ಬಡಿದು ಬಿಡಿಸಿ, ಅವಳನ್ನು ಎಬ್ಬಿಸಿ ಕೂರಿಸಿ ನೀರು ಕುಡಿಸಿದಳು. ಓಣಿಯ ಹಿರಿಯರು ಕಟ್ಟೆಯ ಮೇಲೆ ಮುರಿಗೆಪ್ಪನನ್ನು ಕೂರಿಸಿಕೊಂಡರು. ಪಾಪ, ಮಗಳ ಸಂಕಟಕ್ಕೆ ಬಿಲ್ಲೆಯ ಗುಣ ಇಳಿದಿರಬೇಕು, ಕಿವಿ ಮತ್ತೆ ಎದ್ದಿರಬೇಕು ಎಂದರು. ಕಾಶವ್ವ ಕೂಡ ಬಾಳವ್ವನ ಬೆನ್ನು ಸವರುತ್ತ, ಕಿವಿ ಎದ್ದಿತ್ತೇನ ಬಾಳಕ್ಕ ಎಂದು ಕೇಳಿದಳು. ಹತ್ತೊಂಬತ್ತು ವರ್ಷದ ರೂಢಿ. ಹೌದು ಎಂಬ ಮಾತು ಬಾಳವ್ವನ ನಾಲಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

ಕೈಗೆ ಪಟ್ಟಿ ಹಾಕಿಸಿಕೊಂಡ ಮರುದಿನ ಅವಳು ಕುಂಟುತ್ತ ಗೋದಾಮಿನ ಮೆಟ್ಟಿಲು ಹತ್ತಿದಳು. ಮಗ್ಗದ ಪಕ್ಕ ಕೂರಿಸಿದ್ದನ್ನು, ಸುಳ್ಳು ಗುರುತು ಹಾಕಿದ್ದನ್ನು ಹೇಳಿದಳು. ಚಿತ್ಕಲಾ ಬೈಯಲಿಲ್ಲ. ಫೋನ್ ಎತ್ತಿ ಇಪ್ಪತ್ತೆರಡು ಮನೆಗೂ ಮಗ್ಗ ನಿಲ್ಲಿಸಿ ಎಂದು ಹೇಳಿದಳು. ಅವರಲ್ಲಿ ಹದಿನೇಳು ಜನ ಮಗ್ಗದ ಪಕ್ಕವೇ ಕೂತಿದ್ದರು. ಹದಿನೇಳು ಹೆಂಡಂದಿರು ಅದೇ ಗುರುತು ಹಾಕಿದ್ದರು. ಮಗ್ಗ ನಿಂತು ಮೌನವಾದಾಗಲೇ ಹೊಡೆತ ತಿನ್ನುವವರಿಗೆ ಗಂಡನನ್ನು ಮೌನದಲ್ಲಿ ಕೂರಿಸಿ ಎಂದು ಹೇಳಿ ಕಳಿಸಿದೆನಲ್ಲ ಎಂದು ಡಾಕ್ಟರು ತಲೆ ಹಿಡಿದುಕೊಂಡಳು.

“ಅಕ್ಕಾರ, ನನಗ ಒಂದು ನೋಡಬೇಕಾಗೇತ್ರಿ,” ಎಂದಳು ಬಾಳವ್ವ. “ನಿನ್ನೆ ಮಧ್ಯಾಹ್ನದ ಗೆರಿ ತೋರಿಸ್ರಿ.”

ಚಿತ್ಕಲಾ ಪರದೆಯ ಮೇಲೆ ತೆರೆದಳು. ಕೋಲು ಎತ್ತಿದ ಹೊತ್ತು, ಎಲುಬು ಮುರಿದ ಹೊತ್ತು. ಗೆರೆ ಬದುವಿನಂತೆ ಮಲಗಿತ್ತು. ಒಂದು ಹುಲ್ಲುಕಡ್ಡಿಯಷ್ಟೂ ಎದ್ದಿರಲಿಲ್ಲ.

ಬಾಳವ್ವ ಗೆರೆಯ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದಳು. ಆಮೇಲೆ ಹಿಂದಿನದನ್ನು ಕೇಳಿದಳು, ಚಿಕಿತ್ಸೆಗೆ ಮೊದಲಿನ ನಲವತ್ತು ದಿನಗಳದ್ದನ್ನು. ತಾರೀಖು ಅವಳಿಗೆ ಗೊತ್ತಿರಲಿಲ್ಲ, ದಿನ ಗೊತ್ತಿತ್ತು. ಸುನಂದಾಳ ಗಣಿತದ ಪರೀಕ್ಷೆಯ ಬೆಳಿಗ್ಗೆ: ಕಪಾಳಕ್ಕೆ. ಕಾಶವ್ವನ ಮೊಮ್ಮಗಳ ತೊಟ್ಟಿಲ ದಿನ: ತಡವಾಗಿ ಬಂದದ್ದಕ್ಕೆ, ಹೊಟ್ಟೆಗೆ. ಸಾರಿಗೆ ಉಪ್ಪು ಹೆಚ್ಚಾದ ದಿನ: ಕಾದ ಸೌಟು, ತೋಳಿಗೆ. ಮತ್ತೆ ಎರಡು ಮಂಗಳವಾರ. ಚಿತ್ಕಲಾ ಒಂದೊಂದನ್ನೇ ಹುಡುಕಿ ತೆರೆದಳು. ಮಂಗಳವಾರಗಳಂದು ಗೆರೆ ಗುಡ್ಡದಂತೆ ಎದ್ದಿತ್ತು. ಉಳಿದ ಮೂರು ದಿನ ಮಗ್ಗಗಳು ಓಡುತ್ತಿದ್ದವು, ಗೆರೆ ನೆಲಕ್ಕೆ ಒರಗಿತ್ತು.

ಚಿತ್ಕಲಾ ಬಿದ್ದು ಸೀಳಿಕೊಂಡಿದ್ದ ತುಟಿಯ ಕಲೆಯನ್ನು ಮುಟ್ಟಿಕೊಂಡಳು. ನನ್ನ ಪ್ರಶ್ನೆಪಟ್ಟಿಯಲ್ಲೇ ಬರೆದಿದ್ದೆ ಎಂದಳು, ಸದ್ದು ಎದ್ದಾಗ ಹೊಡೆಯುತ್ತಾರೆಯೇ ಎಂದು. ಹೌದು ಎಂದವರನ್ನು ಎಣಿಸಿದೆ. ಸದ್ದು ಏಳದಾಗಲೂ ಹೊಡೆಯುತ್ತಾರೆಯೇ ಎಂದು ಕೇಳಲೇ ಇಲ್ಲ.

“ಕೇಳಿದ್ದರೂ ಇಲ್ಲ ಅಂತಿದ್ದೆ ನಾನು,” ಎಂದಳು ಬಾಳವ್ವ.

ಆ ಐದು ದಿನದ್ದೂ ನಿನ್ನೆಯದ್ದೂ ಕಾಗದದ ಮೇಲೆ ಇಳಿಸಿ ಕೊಡಲು ಕೇಳಿದಳು. ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಚಿತ್ಕಲಾ, ಪೊಲೀಸರಿಗೆ ನಾನೇ ಬರೆಯುತ್ತೇನೆ, ಮಗಳನ್ನು ಕರೆದುಕೊಂಡು ಇಲ್ಲಿಗೇ ಬಾ, ಕೌದಿಯ ಕೋಣೆಗೆ ಒಳಗಿನಿಂದ ಚಿಲಕವಿದೆ ಎಂದಳು. ಬರುತ್ತೇನೆ, ಒಂದು ಕೆಲಸ ಉಳಿದಿದೆ ಎಂದು ಬಾಳವ್ವ ಹೇಳಿದಳು.

ಮಗ್ಗದ ಸಿಳ್ಳೆ ಕೇಳದವನು ಮಗ್ಗ ನಡೆಸುವ ಹಾಗಿರಲಿಲ್ಲ. ಮುರಿಗೆಪ್ಪ ಬಿಲ್ಲೆ ಕಿತ್ತು ಎಸೆದ. ಬಿಲ್ಲೆ ಬಿಟ್ಟರೆ ಮಿದುಳು ಕಲಿತದ್ದನ್ನು ಮರೆಯುತ್ತದೆ. ಮಗ್ಗದ ಸದ್ದು ಮರಳುತ್ತದೆ, ಅದರ ಬೆನ್ನಿಗೆ ಕಿವಿಯ ಸದ್ದೂ. ಐದನೆಯ ದಿನಕ್ಕೇ ಅವನು ತಲೆ ಕೊಡವತೊಡಗಿದ. ಓಣಿಯ ಉಳಿದ ಗಂಡಸರೂ ಬಿಲ್ಲೆ ತೆಗೆದಿದ್ದರು.

ಮುಂದಿನ ಮಂಗಳವಾರ ಮಧ್ಯಾಹ್ನ ಮಗ್ಗಗಳು ಒಮ್ಮೆಲೇ ನಿಂತವು. ಒಂದು ಉಸಿರಿನಷ್ಟು ಹೊತ್ತು ಊರಿಗೆ ಊರೇ ಬಾವಿಯ ತಳಕ್ಕೆ ಇಳಿದಂತಾಯಿತು. ಆಮೇಲೆ ಮನೆಮನೆಯಿಂದ ಕಟಕಟ ಶುರುವಾಯಿತು. ಮುರಿಗೆಪ್ಪ ಕಿವಿ ಮುಚ್ಚಿಕೊಂಡು ಕೋಣೆಯ ಬಾಗಿಲಿಗೆ ಬಂದ. ಬಾಳವ್ವ ರಾಟಿಯ ಮುಂದೆ ಕೂತಿದ್ದಳು. ಎಡಗೈ ಪಟ್ಟಿಯಲ್ಲಿತ್ತು, ಬಲಗೈ ಹಿಡಿಕೆಯ ಮೇಲಿತ್ತು. ಅವನ ಬೆನ್ನ ಹಿಂದೆ, ಓಣಿಯ ಬಾಗಿಲಲ್ಲಿ, ಸುನಂದಾ ಚೀಲ ಹಿಡಿದು ನಿಂತಿದ್ದಳು.

“ತಿರುವು,” ಎಂದ ಅವನು.

ಅವಳು ಕಡ್ಡಿಗಳ ನಡುವಿನಿಂದ ತಗಡನ್ನು ಕಿತ್ತಳು. ತುದಿ ತಾಗಿ ಬೆರಳಿನಿಂದ ರಕ್ತ ಬಂತು. ಆ ತಗಡನ್ನೂ ಮಡಚಿದ ಕಾಗದವನ್ನೂ ರಾಟಿಯ ಹಲಗೆಯ ಮೇಲಿಟ್ಟು, ಇಡೀ ರಾಟಿಯನ್ನು ಕಾಲಿನಿಂದ ಅವನ ಕಡೆಗೆ ನೂಕಿ ಎದ್ದಳು.

“ಸದ್ದು ನಿಮ್ಮದು,” ಎಂದಳು. “ನೀವs ತಿರುವ್ಕೊಳ್ರಿ. ಕಾಗದದಾಗ ಆರು ದಿನ ಅದಾವ. ಕಿವಿ ಹೊಡದದ್ದು ಎರಡು. ಉಳದದ್ದು ಯಾರು ಹೊಡದ್ರು ನೋಡ್ಕೊಳ್ರಿ.”

ಅವನು ಕೈ ಎತ್ತಿದ. ಅವಳು ಅಡ್ಡ ಹಿಡಿಯಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಅಂಗಡಿಯವನ ತಕ್ಕಡಿಯ ಮುಳ್ಳು ನೋಡುವವಳಂತೆ ಆ ಕೈಯನ್ನೇ ನೋಡುತ್ತ ನಿಂತಳು, ಎದ್ದದ್ದು ಕಿವಿಯೋ ಇವನೋ ಎಂದು. ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಅವಳು ಅದರ ಕೆಳಗಿನಿಂದಲೇ ಹಾದು, ಮಗಳ ಕುರುಡು ಕಣ್ಣಿನ ಬದಿಗೆ ತಾನು ನಿಂತು, ಕೈ ಹಿಡಿದುಕೊಂಡು ಓಣಿಗೆ ಇಳಿದಳು.

ಕಾಶವ್ವ ತನ್ನ ಪಡಸಾಲೆಯಲ್ಲಿ ಬೆವರು ಸುರಿಸುತ್ತ ರಾಟಿ ತಿರುವುತ್ತಿದ್ದಳು. ಕೈ ನಿಲ್ಲಿಸದೆ, ಎಲ್ಲಿಗೆ ಎಂದು ಕಣ್ಣಲ್ಲೇ ಕೇಳಿದಳು.

“ಮಾಳಿಗಿಗೆ,” ಎಂದಳು ಬಾಳವ್ವ. “ನಿನ್ನ ಮನಿ ಗೆರಿನೂ ಅಲ್ಲೇ ಐತಿ ಕಾಶವ್ವ. ಬಂದು ನೋಡು.”

ಕಾಶವ್ವನ ರಾಟಿ ಒಂದು ಸುತ್ತು ತಪ್ಪಿತು. ಮತ್ತೆ ತಿರುಗಿತು. ಅವರು ಓಣಿಯ ತಿರುವು ದಾಟುವಾಗ ಹಿಂದಿನಿಂದ ಇನ್ನೊಂದು ರಾಟಿ ಕೇಳಿಸಿತು. ತಗಡನ್ನು ಸಿಕ್ಕಿಸಲೂ ಬಾರದ, ಹಿಡಿಕೆ ಹಿಡಿದು ಗೊತ್ತಿಲ್ಲದ ಕೈ. ಒಂದು ಕಟ, ಆಮೇಲೆ ಬಹಳ ಹೊತ್ತು ಬಿಟ್ಟು ಇನ್ನೊಂದು.

ಸುನಂದಾ ತಿರುಗಿ ನೋಡಲು ಹೋದಳು. ತಾಯಿ ಅವಳ ಕೈಯನ್ನು ಮೆಲ್ಲಗೆ ಅದುಮಿದಳು, ಮುಂದೆ ಮೆಟ್ಟಿಲಿದೆ ಎಂದು.